ಒಂದೇ ಪಂಕ್ತಿ

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ರಾತ್ರಿ ಪಾಳಿ ಮುಗಿಸಿ ನಿದ್ದೆಗೆಟ್ಟು ಬಂದವರು ಇಲ್ಲಿದ್ದೀರಿ. ನಾಳೆ ಬೆಳಗಿನ ನಾಲ್ಕು ಗಂಟೆಗೆ ಒಲೆ ಹೊತ್ತಿಸಬೇಕಾದವರೂ ಇದ್ದೀರಿ. ಆದುದರಿಂದ ಮಾತನ್ನು ಬೆಳೆಸುವುದಿಲ್ಲ. ನಾವು ಪಂಡಿತರಲ್ಲ. ಮಿಡ್ಲ್‌ ಸ್ಕೂಲು ಮುಗಿಸಿ, ಹೆಗಲಿಗೆ ಒರೆಸುವ ಬಟ್ಟೆ ಹಾಕಿಕೊಂಡು ಹೊಟೇಲಿನ ಮೇಜಿನ ಮುಂದೆ ನಿಂತವರು. ಕೇಳಿ ತಿಳಿದದ್ದನ್ನು, ಓದಿ ತಿಳಿದದ್ದನ್ನು, ಕಣ್ಣಾರೆ ಕಂಡದ್ದನ್ನು ನಿಮ್ಮ ಮುಂದೆ ಇಡುತ್ತೇವೆ. ತಪ್ಪಿದ್ದರೆ ತಿದ್ದಬೇಕು.

ಈ ವಿಷಯವನ್ನು ಏಕೆ ಆರಿಸಿಕೊಂಡೆವು ಎಂಬುದನ್ನು ಮೊದಲು ಅರಿಕೆ ಮಾಡುತ್ತೇವೆ. ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ಕಳೆದ ವರ್ಷ ತೀರಿಕೊಂಡರು. ಬೀದರ ಕಡೆಯ ಅಡುಗೆಯವರು. ಎಲ್ಲರೂ ಅವರನ್ನು ‘ಮಾಮಾ’ ಎಂದೇ ಕರೆಯುತ್ತಿದ್ದೆವು. ಹನ್ನೊಂದು ವರ್ಷ ಅವರ ಜೊತೆಯಲ್ಲಿ ಹಿಟ್ಟು ರುಬ್ಬಿದ್ದೇವೆ, ಅವರ ಕೈಯ ಸಾರು ಉಂಡಿದ್ದೇವೆ, ಮಾಲಕರ ಮುಂದೆ ಸಂಬಳದ ಮಾತಿಗೆ ಅವರ ಹಿಂದೆ ನಿಂತಿದ್ದೇವೆ. ಅವರು ಕ್ರೈಸ್ತರೆಂಬುದು ಗೊತ್ತಿತ್ತು. ಅದಕ್ಕಿಂತ ಹೆಚ್ಚು ಏನೂ ಗೊತ್ತಿರಲಿಲ್ಲ. ಕೇಳಿರಲೂ ಇಲ್ಲ.

ಸಿಕಂದರಾಬಾದಿನ ಒಂದು ದೇವಾಲಯದಲ್ಲಿ ಅವರ ಕೊನೆಯ ಪ್ರಾರ್ಥನೆ ಆಯಿತು. ನಾವು ಇಪ್ಪತ್ತು ಮಂದಿ ಹೋದೆವು. ಒಳಗೆ ಹೋಗಬಹುದೋ ಬಾರದೋ, ಚಪ್ಪಲಿ ಬಿಡಬೇಕೋ ಬೇಡವೋ ತಿಳಿಯದೆ ಗೇಟಿನ ಹತ್ತಿರವೇ ನಿಂತೆವು. ಹನ್ನೊಂದು ವರ್ಷದ ಗೆಳೆಯನನ್ನು ಬೀದಿಯಲ್ಲಿ ನಿಂತು ಕಳುಹಿಸಿದೆವು. ಪಾದ್ರಿಯವರೇ ಹೊರಗೆ ಬಂದು ಕೈಹಿಡಿದು ಕರೆದಾಗ ಅರ್ಧದಷ್ಟು ಜನ ಒಳಗೆ ಹೋದೆವು. ಮಣ್ಣು ಮುಗಿದ ಮೇಲೆ ಮನೆಗೆ ಹೋದಾಗ ಅವರ ಮನೆಯವರು ಎಲ್ಲರಿಗೂ ಚಹ ತಂದರು. ನಮ್ಮಲ್ಲಿ ಕೆಲವರು ಲೋಟ ಮುಟ್ಟಲಿಲ್ಲ. “ಹೊಟ್ಟೆ ಸರಿಯಿಲ್ಲ ಅಕ್ಕಾ” ಎಂದೆವು. ಆ ತಾಯಿ ತಟ್ಟೆಯನ್ನು ಹಾಗೆಯೇ ಹಿಂದಕ್ಕೆ ತೆಗೆದುಕೊಂಡು, “ಇರ್ಲಿ ಬಿಡ್ರಿ ಅಣ್ಣಾ, ನಮಗೇನ್ ಹೊಸಾದಲ್ಲ” ಎಂದರು.

ಬಂಧುಗಳೇ, ಲೋಟ ಮುಟ್ಟದವರು ಬೇರೆ ಯಾರೋ ಎಂದು ನಾವು ಹೇಳುವುದಿಲ್ಲ. ಅವರು ನಾವೇ. ಆ ಮಾತು ಅಂದಿನಿಂದ ಇಂದಿನವರೆಗೆ ನಮ್ಮನ್ನು ಬಿಟ್ಟಿಲ್ಲ. ಮಾಮಾ ಏನನ್ನು ನಂಬಿದ್ದರು, ಅವರ ಸಭೆಯವರು ಯಾವ ಮಾತಿನ ಮೇಲೆ ಒಂದಾಗಿ ನಿಂತಿದ್ದಾರೆ ಎಂಬುದನ್ನು ತಿಳಿಯಬೇಕೆಂದು ಆಮೇಲೆ ಪಾದ್ರಿಯವರ ಬಳಿಗೆ ಹೋದೆವು. ಕೆಲವು ಭಾನುವಾರ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದೆವು. ಇಂದಿನ ಮಾತು ಅದರ ಫಲ.

ಅವರ ಸಭೆಯ ಹೆಸರು ದಕ್ಷಿಣ ಭಾರತ ಸಭೆ. ಸಿ.ಎಸ್.ಐ. ಎಂಬ ಮೂರಕ್ಷರವನ್ನು ಶಾಲೆಗಳ ಮೇಲೆ, ಆಸ್ಪತ್ರೆಗಳ ಮೇಲೆ ನೀವೆಲ್ಲ ನೋಡಿದ್ದೀರಿ. ಇದು ಪ್ರೊಟೆಸ್ಟೆಂಟ್ ಸಭೆ, ಆದರೆ ಒಂದು ಪಂಗಡದ್ದಲ್ಲ. ಹಲವು ಪಂಗಡಗಳು ಸೇರಿ ಆದ ಐಕ್ಯ ಸಭೆ. ಪ್ರೊಟೆಸ್ಟೆಂಟ್ ಅಂದರೆ ಪ್ರತಿಭಟಿಸಿದವರು ಎಂದರ್ಥ. 1517ರಲ್ಲಿ ಜರ್ಮನಿಯಲ್ಲಿ ಮಾರ್ಟಿನ್ ಲೂಥರ್ ಎಂಬ ಸಂನ್ಯಾಸಿ, ಪಾಪಪರಿಹಾರದ ಪತ್ರಗಳನ್ನು ದುಡ್ಡಿಗೆ ಮಾರುವುದನ್ನು ವಿರೋಧಿಸಿದನು. 1529ರಲ್ಲಿ ಅವನ ಕಡೆಯ ಅರಸರು ಸಭೆಯಲ್ಲಿ ಎದ್ದುನಿಂತು ಪ್ರತಿಭಟನೆ ಸಲ್ಲಿಸಿದರು. ಅಲ್ಲಿಂದ ಆ ಹೆಸರು ಬಂತು. ಆದರೆ ಪ್ರತಿಭಟಿಸಿ ಹೊರಬಂದವರು ಮುಂದೆ ತಮ್ಮತಮ್ಮಲ್ಲೇ ಒಡೆದು ಹಲವು ಗುಂಪಾದರು.

ಆ ಗುಂಪುಗಳೆಲ್ಲ ನಮ್ಮ ದೇಶಕ್ಕೂ ಬಂದವು. ಸಿಕಂದರಾಬಾದಿನ ದಂಡಿನ ಆಂಗ್ಲಿಕನ್ನರಿಗಾಗಿ ಸಂತ ಜಾನರ ದೇವಾಲಯ 1813ರಲ್ಲೇ ಎದ್ದಿತು. ಆಮೇಲೆ ಇಂಗ್ಲೆಂಡಿನ ವೆಸ್ಲಿಯನ್ ಮೆಥೊಡಿಸ್ಟರು ಬಂದು ಮೆದಕಿನವರೆಗೆ ಹಬ್ಬಿದರು. ಅಮೆರಿಕದ ಮೆಥೊಡಿಸ್ಟರು ಹೈದರಾಬಾದಿನಿಂದ ಬೀದರದ ಕಡೆಗೆ ಹೋದರು. ಬ್ಯಾಪ್ಟಿಸ್ಟರು ನಲ್ಗೊಂಡದ ಕಡೆ ನೆಲೆನಿಂತರು. ನಮ್ಮ ಕನ್ನಡನಾಡಿನಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನವರಿದ್ದರು. ಅವರಿಂದಲೇ ಇಡೀ ಸತ್ಯವೇದ 1831ರಲ್ಲಿ ಕನ್ನಡದಲ್ಲಿ ಅಚ್ಚಾಯಿತು. ಮಂಗಳೂರಿಗೆ 1834ರಲ್ಲಿ ಬಾಸೆಲ್ ಮಿಷನ್ನಿನವರು ಬಂದರು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದ ಮೊಗ್ಲಿಂಗ್, 1894ರಲ್ಲಿ ದೊಡ್ಡ ನಿಘಂಟನ್ನು ಕೊಟ್ಟ ಕಿಟೆಲ್ ಅದೇ ಮಿಷನ್ನಿನವರು. ಮತ ಬದಲಿಸಿ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಬೇಕೆಂದು ಮಗ್ಗದ ಕಾರ್ಖಾನೆ, ಹಂಚಿನ ಕಾರ್ಖಾನೆ ತೆರೆದವರೂ ಅವರೇ. ನಮ್ಮ ಕರಾವಳಿಯ ಮನೆಗಳ ಮಾಡಿನ ಹಂಚನ್ನು ನೆನೆದುಕೊಳ್ಳಿ.

ಇಷ್ಟೆಲ್ಲ ಮಾಡಿದವರು ಒಂದೇ ಮೇಜಿನ ಸುತ್ತ ಕೂರುತ್ತಿರಲಿಲ್ಲ. ಒಬ್ಬರ ಸಭೆಯ ಪಾಲಕರನ್ನು ಇನ್ನೊಬ್ಬರು ಪಾಲಕರೆಂದು ಒಪ್ಪುತ್ತಿರಲಿಲ್ಲ. ಜಗಳ ಯಾವುದಕ್ಕೆ? ಹೊಟೇಲಿನ ಮಾತಿನಲ್ಲಿ ಹೇಳುವುದಾದರೆ, ಮುಖ್ಯವಾಗಿ ಯಜಮಾನಿಕೆಯ ಪ್ರಶ್ನೆಗೆ. ಆಂಗ್ಲಿಕನ್ನರಲ್ಲಿ ಬಿಷಪ್ಪರಿರುತ್ತಾರೆ. ಹಳೆಯ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಹೊಸಬರನ್ನು ನೇಮಿಸುವ ಪರಂಪರೆ ಮೊದಲಿನಿಂದ ನಡೆದುಬಂದಿದೆ. ಆ ಕೈ ಬೀಳದವನು ಪಾಲಕನಲ್ಲ ಎನ್ನುವುದು ಅವರ ವಾದ. ಪ್ರೆಸ್ಬಿಟೇರಿಯನ್ನರಲ್ಲಿ ಹಿರಿಯರ ಮಂಡಳಿಯದೇ ಆಡಳಿತ. ಕಾಂಗ್ರಿಗೇಷನಲ್ ಪಂಗಡದವರಲ್ಲಿ ಪ್ರತಿಯೊಂದು ಸಭೆಯೂ ತನಗೆ ತಾನೇ ಯಜಮಾನ. ಮೆಥೊಡಿಸ್ಟರಲ್ಲಿ ಎಲ್ಲ ಪಾಲಕರೂ ಪ್ರತಿನಿಧಿಗಳೂ ಸೇರುವ ಮಹಾಸಭೆಯ ತೀರ್ಮಾನವೇ ತೀರ್ಮಾನ. ನಾಲ್ವರೂ ಒಬ್ಬ ದೇವರನ್ನೇ ಪ್ರಾರ್ಥಿಸುತ್ತಿದ್ದರು. ಪಂಕ್ತಿ ಮಾತ್ರ ನಾಲ್ಕು.

ಇದು ಸರಿಯಲ್ಲ ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಮುಖ್ಯರು ವೇದನಾಯಗಂ ಸಾಮುವೇಲ್ ಅಜರಯ್ಯನವರು. 1874ರಲ್ಲಿ ತಿರುನೆಲ್ವೇಲಿ ಸೀಮೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. 1912ರಲ್ಲಿ ಆಂಗ್ಲಿಕನ್ ಸಭೆಯ ಮೊದಲ ಭಾರತೀಯ ಬಿಷಪ್ಪರಾದರು. ಅವರ ಪೀಠ ಇದ್ದದ್ದು ದೋರ್ನಕಲ್ಲಿನಲ್ಲಿ. ಅದು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ ಸಣ್ಣ ಊರು. ಬಿಷಪ್ಪರಾಗುವ ಮೊದಲೇ, 1910ರಲ್ಲಿ ಎಡಿನ್‌ಬರೋ ನಗರದ ದೊಡ್ಡ ಸಮ್ಮೇಳನದಲ್ಲಿ ಬಿಳಿಯ ಮಿಷನರಿಗಳ ಮುಖದೆದುರೇ ಅವರು ಒಂದು ಮಾತು ಹೇಳಿದ್ದರು. ನೀವು ನಮಗಾಗಿ ದುಡ್ಡು ಕೊಟ್ಟಿರಿ, ಪ್ರಾಣವನ್ನೂ ಕೊಟ್ಟಿರಿ, ಆದರೆ ನಮಗೆ ಬೇಕಾದದ್ದು ಗೆಳೆತನ ಎಂಬುದು ಅದರ ಸಾರಾಂಶ. ಬಂಧುಗಳೇ, ಈ ಮಾತು ಓದಿದಾಗ ನಮಗೆ ಮಾಮಾರ ಮನೆಯ ಚಹದ ತಟ್ಟೆ ನೆನಪಾಯಿತು. ಮಣ್ಣಿಗೆ ಹೋಗಲು ನಾವು ಒಂದು ಪಾಳಿಯ ಸಂಬಳ ಬಿಟ್ಟಿದ್ದೆವು, ಹೂವಿನ ಹಾರ ತಂದಿದ್ದೆವು, ಸಂಘದಿಂದ ಹಣ ಕೂಡಿಸಿ ಕೊಟ್ಟಿದ್ದೆವು. ಆ ತಾಯಿ ಕೇಳಿದ್ದು ಒಂದು ಲೋಟ ಚಹ ಕುಡಿಯಿರಿ ಎಂದಷ್ಟೆ.

1919ರ ಮೇ ತಿಂಗಳಲ್ಲಿ ತಮಿಳುನಾಡಿನ ಕರಾವಳಿಯ ತರಂಗಂಬಾಡಿಯಲ್ಲಿ ಅಜರಯ್ಯನವರೂ ಬೇರೆ ಪಂಗಡಗಳ ಪಾಲಕರೂ ಸೇರಿದರು. ಸೇರಿದವರಲ್ಲಿ ಬಹುಮಂದಿ ಭಾರತೀಯರೇ. ಈ ಒಡಕುಗಳನ್ನು ನಾವು ಮಾಡಿದ್ದಲ್ಲ, ಬೇರೆ ದೇಶದವರ ಹಳೆಯ ಜಗಳಗಳು ನಮ್ಮ ತಲೆಯ ಮೇಲೆ ಬಂದು ಕೂತಿವೆ, ಇದು ಹೋಗಬೇಕು ಎಂದು ಅವರು ಹೇಳಿಕೆ ಹೊರಡಿಸಿದರು. ಅಲ್ಲಿಂದ ಮಾತುಕತೆ ಸುರುವಾಯಿತು. ಎಷ್ಟು ವರ್ಷ ನಡೆಯಿತು ಬಲ್ಲಿರಾ? 28 ವರ್ಷ! ಒಂದು ಸಭೆಯಲ್ಲಿ ಒಪ್ಪಿಗೆಯಾದರೆ ಮುಂದಿನ ಸಭೆಯಲ್ಲಿ ಮುರಿಯುವುದು, ಮತ್ತೆ ಕೂಡುವುದು, ಮತ್ತೆ ಬರೆಯುವುದು. ಅಜರಯ್ಯನವರು ಫಲ ಕಾಣದೆ 1945ರ ಜನವರಿ 1ರಂದು ತೀರಿಕೊಂಡರು.

1947ರ ಸೆಪ್ಟೆಂಬರ್ 27ರಂದು, ದೇಶ ಸ್ವತಂತ್ರವಾಗಿ ಇನ್ನೂ ಒಂದೂವರೆ ತಿಂಗಳಾಗಿರಲಿಲ್ಲ, ಮದರಾಸಿನ ಸಂತ ಜಾರ್ಜರ ದೇವಾಲಯದಲ್ಲಿ ಆಂಗ್ಲಿಕನ್ನರೂ, ಇಂಗ್ಲೆಂಡಿನ ಮೆಥೊಡಿಸ್ಟ್ ಮಿಷನ್ನಿನಿಂದ ಬೆಳೆದ ಸಭೆಯವರೂ, ಮೊದಲೇ ಕೂಡಿಕೊಂಡಿದ್ದ ಪ್ರೆಸ್ಬಿಟೇರಿಯನ್ ಮತ್ತು ಕಾಂಗ್ರಿಗೇಷನಲ್ ಸಭೆಗಳವರೂ ಒಂದಾದರು. ತಿರುವಾಂಕೂರಿನ ಬಿಷಪ್ ಜಾಕೋಬರು ಆ ಕಾರ್ಯವನ್ನು ನಡೆಸಿಕೊಟ್ಟರು. ಬಿಷಪ್ಪರಿರುವ ಸಭೆಗಳೂ ಬಿಷಪ್ಪರಿಲ್ಲದ ಸಭೆಗಳೂ ಹೀಗೆ ಕೂಡಿದ್ದನ್ನು ಜಗತ್ತೇ ಬೆರಗಾಗಿ ನೋಡಿತು. ಮೆದಕ್, ದೋರ್ನಕಲ್ ಪ್ರಾಂತಗಳೂ ಅಂದೇ ಸೇರಿದವು. ಒಂದು ಸಂಗತಿ ಗಮನಿಸಿ. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ್ದು 1948ರ ಸೆಪ್ಟೆಂಬರ್ 17ರಂದು. ಸಂಸ್ಥಾನ ಇನ್ನೂ ಹೊರಗಿದ್ದಾಗಲೇ ಇಲ್ಲಿನ ಬಡ ಹಳ್ಳಿಗಳ ಈ ಸಭೆಗಳು ಮದರಾಸು, ಮೈಸೂರು, ತಿರುವಾಂಕೂರು, ಸಮುದ್ರದಾಚೆಯ ಜಾಫ್ನಾ ಸಭೆಗಳೊಡನೆ ಒಂದೇ ಕುಟುಂಬವಾಗಿದ್ದವು.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಅಷ್ಟು ಭೇದಗಳಿದ್ದವರು ಯಾವುದರ ಮೇಲೆ ಒಂದಾದರು? ಎಲ್ಲದರ ಮೇಲೂ ಒಪ್ಪಿಗೆ ಬೇಕೆಂದು ಅವರು ಕೂರಲಿಲ್ಲ. ಹಾಗೆ ಕೂತಿದ್ದರೆ ಇನ್ನೂ ಕೂತೇ ಇರುತ್ತಿದ್ದರು. ಇಷ್ಟು ಇರಲೇಬೇಕು ಎಂಬ ನಾಲ್ಕನ್ನು ಹಿಡಿದರು. ಈ ನಾಲ್ಕನ್ನು ಆಂಗ್ಲಿಕನ್ ಬಿಷಪ್ಪರು 1888ರಲ್ಲಿ ಲಂಡನ್ನಿನ ಲ್ಯಾಂಬೆತ್ ಸಮ್ಮೇಳನದಲ್ಲಿ ಐಕ್ಯಕ್ಕೆ ತಳಹದಿಯೆಂದು ಗುರುತಿಸಿದ್ದರು.

ಮೊದಲನೆಯದು ಸತ್ಯವೇದ. ಮನುಷ್ಯನ ಉದ್ಧಾರಕ್ಕೆ ಬೇಕಾದದ್ದೆಲ್ಲ ಅದರಲ್ಲಿದೆ, ಅದರ ಮೇಲಿನ ಅಧಿಕಾರ ಬೇರೆ ಯಾವುದಕ್ಕೂ ಇಲ್ಲ ಎಂಬುದು ಅವರ ನಂಬಿಕೆ. ಅದನ್ನು ಅವರವರ ಭಾಷೆಯಲ್ಲಿ ಅವರವರೇ ಓದಬೇಕು. ಹಾಗಾಗಿ ಈ ಸಭೆ ಹೋದಲ್ಲೆಲ್ಲ ಹಿಂದೆಯೇ ಶಾಲೆ ಬಂತು. ಅಕ್ಷರ ಮುಟ್ಟಬಾರದೆನಿಸಿಕೊಂಡವರ ಕೈಗೆ ಪುಸ್ತಕ ಬಂತು.

ಎರಡನೆಯದು ವಿಶ್ವಾಸಪ್ರಮಾಣ. ಹಳೆಯ ಕಾಲದಿಂದ ಬಂದ ಎರಡು ಚಿಕ್ಕ ಪ್ರಮಾಣಗಳಿವೆ. ಒಂದಕ್ಕೆ ಅಪೊಸ್ತಲರ ಹೆಸರು, ಇನ್ನೊಂದಕ್ಕೆ ನೈಸೀಯ ಎಂಬ ಊರಿನ ಹೆಸರು. ದೇವರು ಲೋಕವನ್ನು ಸೃಷ್ಟಿಸಿದ ತಂದೆ. ಯೇಸು ಅವನ ಮಗ, ಮನುಷ್ಯನಾಗಿ ಹುಟ್ಟಿ, ರೋಮಿನ ಅಧಿಕಾರಿ ಪಿಲಾತನ ಕಾಲದಲ್ಲಿ ಶಿಲುಬೆಯ ಮೇಲೆ ಸತ್ತು, ಮೂರನೆಯ ದಿನ ಎದ್ದನು. ಪವಿತ್ರಾತ್ಮನು ಸಭೆಯಲ್ಲಿ ನೆಲೆಸಿದ್ದಾನೆ. ಪಾಪಕ್ಕೆ ಕ್ಷಮೆಯಿದೆ, ಸಾವಿನ ಆಚೆಗೆ ಜೀವವಿದೆ. ಇದನ್ನು ಎಲ್ಲರೂ ಎದ್ದುನಿಂತು ಒಂದೇ ದನಿಯಲ್ಲಿ ಹೇಳುತ್ತಾರೆ. ಕೆಲಸಗಾರರಾದ ನಮಗೆ ಇದರಲ್ಲಿ ಒಂದು ಸಂಗತಿ ಎದ್ದು ಕಂಡಿತು. ಅವರು ದೇವರ ಮಗನೆಂದು ಕೈಮುಗಿಯುವುದು ಬಡಗಿಯ ಕೆಲಸ ಮಾಡಿದವನಿಗೆ, ಸರಕಾರ ಮರಣದಂಡನೆ ಕೊಟ್ಟವನಿಗೆ.

ಮೂರನೆಯದು ಎರಡು ಸಂಸ್ಕಾರಗಳು. ಒಂದು ನೀರಿನ ದೀಕ್ಷಾಸ್ನಾನ, ಅದು ಮನೆಯೊಳಗೆ ಬರುವ ಬಾಗಿಲು. ಇನ್ನೊಂದು ಕರ್ತನ ಭೋಜನ, ಅದು ಆ ಮನೆಯ ಊಟ. ಯೇಸು ತಾನು ಸಾಯುವ ಹಿಂದಿನ ರಾತ್ರಿ ಶಿಷ್ಯರೊಡನೆ ರೊಟ್ಟಿ ಮುರಿದು, ಒಂದೇ ಪಾತ್ರೆಯಿಂದ ದ್ರಾಕ್ಷಾರಸ ಹಂಚಿದನು. ಅದರ ನೆನಪಿಗೆ ಇಂದಿಗೂ ಹಾಗೆಯೇ ಮಾಡುತ್ತಾರೆ.

ನಾಲ್ಕನೆಯದು ಬಿಷಪ್ಪರ ಪರಂಪರೆ. ಜಗಳದ ಮೂಲವೇ ಇದು. ಇಲ್ಲಿ ಮಾಡಿದ ರಾಜಿ ನೋಡತಕ್ಕದ್ದು. ಬಿಷಪ್ಪರಿರಲಿ ಎಂದು ಉಳಿದವರು ಒಪ್ಪಿದರು. ಆದರೆ ಬಿಷಪ್ಪರು ಸಭೆಯಿಂದ ಆರಿಸಿ ಬರಬೇಕು, ನಿಬಂಧನೆಗೆ ಒಳಪಟ್ಟು ನಡೆಯಬೇಕು, ಪಾಲಕರೂ ಸಾಮಾನ್ಯ ಸದಸ್ಯರೂ ಕೂಡುವ ಸಿನೊಡ್ ಎಂಬ ಮಹಾಸಭೆಯೊಡನೆ ಆಡಳಿತ ನಡೆಸಬೇಕು ಎಂದು ಆಂಗ್ಲಿಕನ್ನರು ಒಪ್ಪಿದರು. ಬಿಷಪ್ಪರ ಕೈ ಬೀಳದೆ ಪಾಲಕರಾಗಿದ್ದ ಹಳಬರನ್ನು ಏನು ಮಾಡುವುದು? ಅವರಿಗೆ ಮತ್ತೆ ದೀಕ್ಷೆ ಕೊಡುವುದೆಂದರೆ ಇಷ್ಟು ವರ್ಷ ಅವರು ಮಾಡಿದ ಸೇವೆ ಸುಳ್ಳು ಎಂದಂತೆ. ಆದುದರಿಂದ ಅವರನ್ನು ಇದ್ದಂತೆಯೇ ಪೂರ್ಣ ಪಾಲಕರೆಂದು ಸ್ವೀಕರಿಸಿದರು. ಮುಂದೆ ಬರುವ ಹೊಸಬರಿಗೆ ಮಾತ್ರ ಬಿಷಪ್ಪರ ದೀಕ್ಷೆ. ಎರಡು ಬಗೆಯವರೂ ಜೊತೆಯಾಗಿ ಮೂವತ್ತು ವರ್ಷ ಬೆಳೆಯಲಿ ಎಂದು ಅವಧಿ ಇಟ್ಟರು. ಯಾವ ಸಭೆಯ ಮೇಲೂ ಅದರ ಮನಸ್ಸಾಕ್ಷಿಗೆ ವಿರುದ್ಧವಾಗಿ ಪಾಲಕರನ್ನಾಗಲಿ ಪೂಜಾಕ್ರಮವನ್ನಾಗಲಿ ಹೇರುವುದಿಲ್ಲ ಎಂದು ಮಾತು ಕೊಟ್ಟುಕೊಂಡರು. ಇದಕ್ಕಾಗಿ ಬೆಲೆಯನ್ನೂ ತೆತ್ತರು. 1948ರಲ್ಲಿ ಲ್ಯಾಂಬೆತ್ ಸಮ್ಮೇಳನ ಈ ಹೊಸ ಸಭೆಯೊಡನೆ ಪೂರ್ಣ ಸಹಭಾಗಿತ್ವಕ್ಕೆ ಒಪ್ಪಲಿಲ್ಲ. ಆದರೂ ಇವರು ಕೊಟ್ಟ ಮಾತನ್ನು ಹಿಂತೆಗೆಯಲಿಲ್ಲ.

ಈ ನಾಲ್ಕರ ಕೆಳಗೆ ಎಲ್ಲ ಪ್ರೊಟೆಸ್ಟೆಂಟರಿಗೂ ಸಮಾನವಾದ ಒಂದು ನಂಬಿಕೆ ಇದೆ. ದೇವರ ಕೃಪೆ ಸಂಬಳವಲ್ಲ. ದುಡಿದು ಗಳಿಸುವುದಲ್ಲ, ದುಡ್ಡು ಕೊಟ್ಟು ಕೊಳ್ಳುವುದಲ್ಲ, ಅವನು ಕೊಟ್ಟದ್ದನ್ನು ನಂಬಿ ತೆಗೆದುಕೊಳ್ಳುವುದು. ಒಳ್ಳೆಯ ಕೆಲಸ ಆ ಕೃಪೆಗೆ ಕೊಡುವ ಬೆಲೆಯಲ್ಲ, ಅದು ಸಿಕ್ಕಿತೆಂಬ ಸಂತೋಷದಿಂದ ಬರುವ ಫಲ.

ಇದನ್ನು ಮಾಮಾ ಒಮ್ಮೆ ಕಥೆಯಾಗಿ ಹೇಳಿದ್ದರು, ನಮಗೆ ಆಗ ತಿಳಿಯಲಿಲ್ಲ. ತೋಟದ ಯಜಮಾನನೊಬ್ಬ ಬೆಳಿಗ್ಗೆ ಕೆಲವರನ್ನು ಕೂಲಿಗೆ ಕರೆದ, ಮಧ್ಯಾಹ್ನ ಕೆಲವರನ್ನು, ಹೊತ್ತು ಮುಳುಗುವ ಒಂದು ತಾಸಿನ ಮುಂಚೆ ಇನ್ನು ಕೆಲವರನ್ನು. ಸಂಜೆಗೆ ಎಲ್ಲರಿಗೂ ಒಂದೇ ಕೂಲಿ ಕೊಟ್ಟ. ಕೇಳಿದ ನಾವು ಪಾತ್ರೆ ತಿಕ್ಕುವುದನ್ನು ಬಿಟ್ಟು ಜಗಳಕ್ಕೆ ನಿಂತೆವು. “ಇದ್ಯಾವ ನ್ಯಾಯ ಮಾಮಾ? ಇದು ಮಾಲಕರ ಕಥೆ” ಎಂದೆವು. ಅವರು ನಕ್ಕು, “ಚಂಜಿತನಾ ಕೆಲಸ ಸಿಗದೆ ನಿಂತಾವನ ಹೊಟ್ಟಿ ಹಸಿಯಂಗಿಲ್ಲೇನೋ ತಮ್ಮಾ?” ಎಂದರು. ಅದು ಸತ್ಯವೇದದ ಕಥೆಯೆಂದು ನಮಗೆ ತಿಳಿದದ್ದು ಈಗ.

ನಂಬಿಕೆ ನಡತೆಯಲ್ಲಿ ಹೇಗೆ ಕಾಣುತ್ತದೆ ಎಂಬುದಕ್ಕೆ ನಮ್ಮ ತೆಲಂಗಾಣದ ಎರಡು ಉದಾಹರಣೆ. ಮೆದಕಿನ ದೊಡ್ಡ ದೇವಾಲಯವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಗೋಪುರ 175 ಅಡಿ ಎತ್ತರ, ಒಳಗೆ ಐದು ಸಾವಿರ ಜನ ಹಿಡಿಯುತ್ತಾರೆ. 1914ರ ಸುಮಾರಿಗೆ ಬರಗಾಲ ಬಿದ್ದಿತ್ತು. ಚಾರ್ಲ್ಸ್ ವಾಕರ್ ಪೋಸ್ನೆಟ್ ಎಂಬ ವೆಸ್ಲಿಯನ್ ಪಾದ್ರಿ, ಹಸಿದ ಜನಕ್ಕೆ ಕೈಯೊಡ್ಡಿಸದೆ ಕೆಲಸ ಕೊಟ್ಟು ಅನ್ನ ಕೊಡಬೇಕೆಂದು ಆ ಕಟ್ಟಡವನ್ನು ಹಿಡಿದರು. ಹತ್ತು ವರ್ಷ ಕೆಲಸ ನಡೆದು 1924ರ ಡಿಸೆಂಬರ್ 25ರಂದು ಪ್ರತಿಷ್ಠೆಯಾಯಿತು. ಇನ್ನೊಂದು ನಿಜಾಮಾಬಾದ್ ಜಿಲ್ಲೆಯ ಡಿಚ್‌ಪಲ್ಲಿ. ಕುಷ್ಠರೋಗಿಗಳನ್ನು ಮನೆಯವರೇ ಹೊರಗಟ್ಟುತ್ತಿದ್ದ ಕಾಲದಲ್ಲಿ, 1915ರಲ್ಲಿ, ಇಸಬೆಲ್ ಕೆರ್ ಎಂಬ ವೈದ್ಯೆ ಅಲ್ಲಿ ಅವರಿಗಾಗಿ ಆಸ್ಪತ್ರೆ ತೆರೆದರು. ಅದಕ್ಕೆ ದೊಡ್ಡ ಹಣ ಕೊಟ್ಟವರು ರಾಜಾ ನರಸಾಗೌಡ ಎಂಬ ಹಿಂದೂ ದಾನಿ. ಎರಡೂ ಇಂದು ಈ ಐಕ್ಯ ಸಭೆಯ ಪರಂಪರೆಗೆ ಸೇರಿದ ಕೆಲಸಗಳು.

ಇನ್ನು ಭಾನುವಾರದ ಆರಾಧನೆಯಲ್ಲಿ ನಾವು ಕಂಡದ್ದು. ಭಾಷೆ ತೆಲುಗು. ಪಾಲಕರು ಮೇಜಿನ ಹಿಂದೆ ಜನರ ಕಡೆಗೆ ಮುಖ ಮಾಡಿ ನಿಲ್ಲುತ್ತಾರೆ. ಭೋಜನಕ್ಕೆ ಮೊದಲು ಒಂದು ಕ್ರಮವಿದೆ, ಸಮಾಧಾನವನ್ನು ಹಂಚುವುದು. 1950ರಲ್ಲಿ ಈ ಐಕ್ಯ ಸಭೆ ತನ್ನದೇ ಆರಾಧನಾಕ್ರಮ ಬರೆದುಕೊಂಡಾಗ, ಕೇರಳದ ಸುರಿಯಾನಿ ಕ್ರೈಸ್ತರ ಹಳೆಯ ಪದ್ಧತಿಯಿಂದ ಇದನ್ನು ತೆಗೆದುಕೊಂಡಿತು. ಮೇಜಿನ ಬಳಿಯಿಂದ ಸುರುವಾಗಿ ಒಬ್ಬರ ಅಂಗೈಗೆ ಇನ್ನೊಬ್ಬರು ಅಂಗೈ ಇಟ್ಟು, ಮೇಲೆ ಮತ್ತೊಂದು ಕೈ ಮುಚ್ಚಿ, ಸಮಾಧಾನವನ್ನು ಕೊಡುತ್ತ ಹಿಂದಿನ ಬೆಂಚಿನವರೆಗೆ ಬರುತ್ತದೆ. ಆ ದಿನ ನಮ್ಮ ಪಕ್ಕದಲ್ಲಿ ಕುಳಿತಿದ್ದ ಮುದುಕರು, ಎಣ್ಣೆ ಸಿಡಿದು ಕಲೆಗಟ್ಟಿದ ನಮ್ಮ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ನೀನಾರು, ಯಾವ ಜಾತಿ ಎಂದು ಕೇಳಲಿಲ್ಲ.

ಆಮೇಲೆ ಭೋಜನ. ಅದಕ್ಕೆ ದೀಕ್ಷಾಸ್ನಾನವಾದವರು ಮಾತ್ರ ಹೋಗುತ್ತಾರೆ. ನಾವು ಕುಳಿತೇ ನೋಡಿದೆವು. ಮುಂದಿನ ಕಟಕಟೆಯ ಬಳಿ ಸಾಲಾಗಿ ಮೊಣಕಾಲೂರುತ್ತಾರೆ. ಕಚೇರಿಯ ಅಧಿಕಾರಿ, ಪಕ್ಕದಲ್ಲಿ ಕಸ ಗುಡಿಸುವ ಹೆಂಗಸು, ಆಚೆಗೆ ಕಾಲೇಜಿನ ಹುಡುಗ. ಪಾತ್ರೆ ಒಂದು. ಬಡಿಸುವವರು ಒಂದೇ ಅಳತೆ ಬಡಿಸುತ್ತಾರೆ. ಬಂಧುಗಳೇ, ಪಂಕ್ತಿಭೇದ ಎಂಬ ಮಾತು ನಮಗೆ ಯಾರೂ ಕಲಿಸಬೇಕಾಗಿಲ್ಲ. ನಾವು ಹುಡುಗರಾಗಿ ಮೊದಲು ಕೆಲಸಕ್ಕೆ ನಿಂತ ಊರಿನ ಹೊಟೇಲಿನಲ್ಲಿ ಹಿಂದಿನ ಗೋಡೆಯ ಮೇಲೆ ಬೇರೆ ಲೋಟಗಳಿರುತ್ತಿದ್ದವು. ಯಾರಿಗೆ ಯಾವ ಲೋಟ ಎಂಬುದನ್ನು ಇಡ್ಲಿಯ ಬೆಲೆಗಿಂತ ಮೊದಲು ಕಲಿತಿದ್ದೆವು. ಅಂಥ ನಮಗೆ ಆ ಸಾಲು ನೋಡಿ ಗಂಟಲು ಕಟ್ಟಿತು.

ಮಾಮಾ ಬೀದರದ ಮೆಥೊಡಿಸ್ಟರು. ಅಮೆರಿಕದ ಮಿಷನ್ನಿನಿಂದ ಬೆಳೆದ ಆ ಸಭೆ 1947ರಲ್ಲಿ ಈ ಐಕ್ಯಕ್ಕೆ ಸೇರಲಿಲ್ಲ. 1970ರಲ್ಲಿ ನಾಗಪುರದಲ್ಲಿ ಉತ್ತರ ಭಾರತ ಸಭೆ ಎಂಬ ಇನ್ನೊಂದು ಐಕ್ಯ ಸಭೆ ಆದಾಗಲೂ ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯಿತು. 1981ರಿಂದ ಭಾರತದ ಮೆಥೊಡಿಸ್ಟ್ ಸಭೆ ಎಂದು ಸ್ವತಂತ್ರವಾಗಿದೆ. ಹಾಗಿದ್ದರೆ ಮಾಮಾ ಇಲ್ಲಿ ಹೇಗೆ? ಪಾದ್ರಿಯವರನ್ನು ಕೇಳಿದೆವು. ಅವರು ಹೇಳಿದ್ದು: “ಮನೆ ಹತ್ತಿರ ಈ ದೇವಾಲಯ ಇತ್ತು, ಬಂದರು. ಬೀದರದ ಸಭೆಯಲ್ಲಿ ದೀಕ್ಷಾಸ್ನಾನ ಆಗಿದೆ ಎಂದರು. ಇಲ್ಲಿ ಪಂಕ್ತಿಯಲ್ಲಿ ಜಾಗ ಇದ್ದೇ ಇತ್ತು.” ಮೇಲಿನ ಸಭೆಗಳ ಕಾಗದಪತ್ರ ಇನ್ನೂ ಒಂದಾಗಿಲ್ಲ. ಕೆಳಗೆ ಒಬ್ಬ ಅಡುಗೆಯವನ ಮಟ್ಟಿಗೆ ಒಂದಾಗಿಯೇ ಬಿಟ್ಟಿದೆ.

ಎಲ್ಲವೂ ಚೆಂದವಿದೆ ಎಂದು ಹೊಗಳಿ ಕೂತರೆ ನಾವು ನಿಮಗೆ ಸುಳ್ಳು ಹೇಳಿದಂತಾಗುತ್ತದೆ. ಐಕ್ಯ ಎಂಬುದು ಒಂದು ದಿನದ ಹಬ್ಬವಲ್ಲ. ನಂದ್ಯಾಲದ ಕಡೆಯ ಹಲವು ಆಂಗ್ಲಿಕನ್ನರು 1947ರಲ್ಲಿ ಬರುವುದಿಲ್ಲವೆಂದು ಹೊರಗೇ ಉಳಿದರು. ಎಷ್ಟೋ ವರ್ಷದ ಮೇಲೆ ಸೇರಿದರು. ಉತ್ತರ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳೂ ತಡವಾಗಿಯೇ ಬಂದವು. ಅರಿವು ಬಂದ ಮೇಲೆಯೇ ದೀಕ್ಷಾಸ್ನಾನ ಆಗಬೇಕೆನ್ನುವ ತೆಲುಗು ಬ್ಯಾಪ್ಟಿಸ್ಟರು ಇಂದಿಗೂ ಬೇರೆ ಇದ್ದಾರೆ. ಆದರೂ ಪಾಲಕರಿಗೆ ವಿದ್ಯೆ ಕಲಿಸುವ ಕಾಲೇಜನ್ನು ಬ್ಯಾಪ್ಟಿಸ್ಟರು, ಲೂಥರನ್ನರು, ಮೆಥೊಡಿಸ್ಟರು, ಸಿ.ಎಸ್.ಐ.ಯವರು ಎಲ್ಲ ಕೂಡಿ 1964ರಲ್ಲಿ ರಾಜಮಹೇಂದ್ರಿಯಲ್ಲಿ ಕಟ್ಟಿದರು. ಅದು ಆಮೇಲೆ ನಮ್ಮ ಹೈದರಾಬಾದಿಗೆ ಬಂತು. ಕೂಡಿ ಬಾಳಲು ಆಗದಿದ್ದವರು ಕೂಡಿ ಕಲಿಯುತ್ತಾರೆ.

ಇನ್ನು ಸಭೆಯ ಒಳಗಿನ ರೋಗ. ಅದು ನಮ್ಮದೇ ರೋಗ, ಜಾತಿ. ದಕ್ಷಿಣದ ಕೆಲವು ಊರುಗಳ ದೇವಾಲಯಗಳಲ್ಲಿ ಬೆಂಚು ಬೇರೆ, ಸ್ಮಶಾನ ಬೇರೆ ಎಂಬುದು ನಡೆದುಬಂದಿದೆ. ಸಭೆಯ ಚುನಾವಣೆಗಳಲ್ಲಿ ಜಾತಿಯ ಲೆಕ್ಕ ನಡೆಯುತ್ತದೆ, ಆಸ್ತಿಯ ವಿಚಾರದಲ್ಲಿ ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಮೆದಕ್ ಪ್ರಾಂತದ ಸಭೆಯ ಬಹುಪಾಲು ಜನ ಮಾಲ, ಮಾದಿಗ ಕೇರಿಗಳಿಂದ ಬಂದವರು. ಕಾನೂನಿನ ಮಾತೂ ಇದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸವಲತ್ತು ಮೊದಲು ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರಾದವರಿಗೆ ಇಲ್ಲ. ಸರಕಾರ ಇವರನ್ನು ದಲಿತರೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಊರು ಮಾತ್ರ ಮರೆಯುವುದಿಲ್ಲ. “ನಮಗೇನ್ ಹೊಸಾದಲ್ಲ” ಎಂದ ಆ ತಾಯಿಯ ಮಾತಿನಲ್ಲಿ ಇಷ್ಟೆಲ್ಲ ಇತ್ತು.

ಆದರೂ ಅವರು ಕೈಬಿಟ್ಟಿಲ್ಲ ಎಂಬುದನ್ನು ಹೇಳಬೇಕು. ತಡವಾಗಿ ಸೇರಿದ ಅದೇ ನಂದ್ಯಾಲ ಪ್ರಾಂತಕ್ಕೆ 2013ರಲ್ಲಿ ಪುಷ್ಪಲಲಿತಾ ಎಂಬ ತಾಯಿ ಬಿಷಪ್ಪರಾದರು. ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ಪರಾದ ಮೊದಲ ಹೆಂಗಸು ಅವರು. ಒಬ್ಬರ ಕೈ ಬಿದ್ದರೆ ಮಾತ್ರ ಪಾಲಕ ಎಂದು ಜಗಳವಾಡಿದವರು ಒಬ್ಬ ಹೆಂಗಸಿನ ಕೈಯನ್ನು ತಲೆಯ ಮೇಲೆ ಇಡಿಸಿಕೊಂಡರು. ಅವರ ಸಭೆಯ ಗುರುತಿನಲ್ಲಿ ಶಿಲುಬೆಯ ಜೊತೆಗೆ ತಾವರೆ ಇದೆ. ಯೇಸು ತನ್ನ ಕೊನೆಯ ರಾತ್ರಿ, ತನ್ನವರೆಲ್ಲ ಒಂದಾಗಿರಲಿ ಎಂದು ಪ್ರಾರ್ಥಿಸಿದ ಮಾತನ್ನು ಅದರಲ್ಲಿ ಬರೆದುಕೊಂಡಿದ್ದಾರೆ. ಆಗಿ ಮುಗಿದ ಕೆಲಸವಾಗಿದ್ದರೆ ಪ್ರಾರ್ಥಿಸಬೇಕಾಗಿರಲಿಲ್ಲ.

ಒಂದೇ ಪಂಕ್ತಿಯ ಆಸೆ ಹೊರಗಿನಿಂದ ಬಂದದ್ದೆಂದು ಯಾರೂ ತಿಳಿಯಬೇಡಿ. ಮಾಮಾರ ಜಿಲ್ಲೆಯಲ್ಲೇ ಕಲ್ಯಾಣವಿದೆ. ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರ ಜೊತೆಗೆ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಸಮಗಾರ ಹರಳಯ್ಯ ಒಟ್ಟಿಗೆ ಕುಳಿತ ನಾಡು ಅದು. ಹರಳಯ್ಯನ ಮನೆಗೂ ಮಧುವರಸನ ಮನೆಗೂ ಸಂಬಂಧ ಬೆಳೆದದ್ದಕ್ಕೆ ಎಷ್ಟು ರಕ್ತ ಹರಿಯಿತೆಂಬುದನ್ನು ನೀವು ಬಲ್ಲಿರಿ. ಒಟ್ಟಿಗೆ ಕೂರುವುದು ಸುಲಭದ ಕೆಲಸವೆಂದು ಕನ್ನಡಿಗರಿಗೆ ಯಾರೂ ಹೇಳಲಾರರು.

ನಿಮ್ಮನ್ನು ಯಾವ ಮತಕ್ಕೂ ಸೇರಿರಿ ಎಂದು ಕರೆಯಲು ನಾವು ನಿಂತಿಲ್ಲ. ನಾವೂ ಸೇರಿಲ್ಲ. ನಮ್ಮ ಮನೆಯ ದೇವರು ನಮಗಿದ್ದಾನೆ. ಆದರೆ ಜೊತೆಯಲ್ಲಿ ದುಡಿಯುವವನ ನಂಬಿಕೆ ಏನೆಂದು ಕೇಳದೆ ಹನ್ನೊಂದು ವರ್ಷ ಕಳೆಯಬಾರದು. ಈ ಸಭೆಯವರಿಂದ ನಾವು ಕಲಿತದ್ದು ಇದು: ಭೇದವೆಲ್ಲ ಅಳಿದ ಮೇಲೆ ಒಟ್ಟಿಗೆ ಕೂರೋಣ ಎಂದು ಅವರು ಕಾಯಲಿಲ್ಲ. ಯಾವುದು ಬಿಡಲಾಗದ್ದು ಎಂಬುದನ್ನು ನಾಲ್ಕು ಸಾಲಿನಲ್ಲಿ ಬರೆದುಕೊಂಡು ಒಟ್ಟಿಗೆ ಕೂತರು. ಉಳಿದ ಜಗಳವನ್ನು ಪಂಕ್ತಿಯಲ್ಲಿ ಕೂತೇ ಆಡುತ್ತಿದ್ದಾರೆ.

ಕೊನೆಯದಾಗಿ ಒಂದು ಬಿನ್ನಹ. ಬರುವ ಡಿಸೆಂಬರ್ 25ರಂದು ಮಾಮಾರ ಮನೆಗೆ ಹೋಗೋಣವೆಂದಿದ್ದೇವೆ. ಆ ತಾಯಿಗೆ ಹೇಳಿ ಕಳುಹಿಸಿದ್ದೇವೆ. “ಎಷ್ಟು ಮಂದಿ ಬರ್ತೀರಿ, ಅಕ್ಕಿ ಎಷ್ಟು ಹಾಕ್ಲಿ?” ಎಂದು ಕೇಳಿದ್ದಾರೆ. ಪಾಳಿ ಇಲ್ಲದವರು ಬನ್ನಿ. ಬರುವವರು ಇಂದೇ ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ಹೊಟ್ಟೆ ಸರಿಯಿಲ್ಲದವರು ದಯವಿಟ್ಟು ಮೊದಲೇ ಹೇಳಿಬಿಡಿ. ಆ ಮನೆಯಲ್ಲಿ ಇನ್ನೊಂದು ಸಲ ಲೋಟ ಹಿಂದಕ್ಕೆ ಹೋಗಬಾರದು.